ಹಳೆ ಮನೆ ಮ್ಯೂಸಿಯಂ ಆಯಿತು, ಊರವರು ಒಳಗೆ ಬರುವುದು ಯಾವಾಗ?

ಪ್ರಶ್ನೆ: ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಕುಟುಂಬದ ಹಳೆ ಮನೆ ಇದೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ನಾಲ್ಕು ಸುತ್ತು, ನಡುವೆ ಅಂಗಳ. ನೂರು ವರ್ಷ ದಾಟಿದೆ. ಈಗ ಅಲ್ಲಿ ಯಾರ ವಾಸವೂ ಇಲ್ಲ. ಎರಡು ವರ್ಷದ ಹಿಂದೆ ಟ್ರಸ್ಟ್ ಮಾಡಿ ಮ್ಯೂಸಿಯಂ ಅಂತ ತೆರೆದೆವು. ಉದ್ಘಾಟನೆಗೆ ಊರಿಡೀ ಬಂದಿತ್ತು. ಈಗ ವಾರಕ್ಕೆ ನಾಲ್ಕೈದು ಜನ ಬಂದರೆ ಜಾಸ್ತಿ. ಸ್ವಯಂಸೇವಕರ ವಾಟ್ಸಾಪ್ ಗ್ರೂಪಿನಲ್ಲಿ 40 ಜನ ಇದ್ದಾರೆ, ಕೆಲಸಕ್ಕೆ ಕರೆದರೆ ಇಬ್ಬರು ಬರುತ್ತಾರೆ. ಅಂಗಳದಲ್ಲಿ ದೊಡ್ಡ ಯಕ್ಷಗಾನ ಇಟ್ಟು ಜನ ಸೇರಿಸೋಣ ಅಂತ ಕೆಲವು ಟ್ರಸ್ಟಿಗಳು ಹೇಳುತ್ತಿದ್ದಾರೆ. ಮನೆಗೆ ಪೆಟ್ಟಾದೀತು ಅಂತ ನನಗೆ ಹೆದರಿಕೆ. ಇನ್ನೊಂದು ವಿಷಯ, ನಮ್ಮ ಕಾರ್ಯಕ್ರಮ ಎಲ್ಲ ಕನ್ನಡದಲ್ಲೇ ಇರಬೇಕಾ? ಸುತ್ತಮುತ್ತ ಮಲಯಾಳ ಮಾತಾಡುವವರೂ ಇದ್ದಾರೆ. ಅವರು ಗೇಟಿನ ಒಳಗೆ ಕಾಲಿಟ್ಟದ್ದೇ ಇಲ್ಲ.

ಉತ್ತರ: ಮೊದಲು ಯಕ್ಷಗಾನದ ಮಾತು ಮುಗಿಸುತ್ತೇನೆ, ಯಾಕೆಂದರೆ ನಿಮ್ಮ ಟ್ರಸ್ಟಿನಲ್ಲಿ ಜಗಳ ನಡೆಯುತ್ತಿರುವುದು ಅದರ ಮೇಲೆ. ಅಂಗಳದಲ್ಲಿ ಬೇಡ. ಆಟ ನೋಡಲು ಬಂದವರು ರಂಗಸ್ಥಳದ ಕಡೆ ಮುಖ ಮಾಡಿ, ನಿಮ್ಮ ಮನೆಗೆ ಬೆನ್ನು ಹಾಕಿ ಕೂರುತ್ತಾರೆ. ಆಟ ಮುಗಿದ ಮೇಲೆ ಎದ್ದು ಹೋಗುತ್ತಾರೆ. ಮರುವಾರ ನಿಮಗೆ ಮತ್ತೆ ಅದೇ ನಾಲ್ಕೈದು ಜನ. ಈ ಮಧ್ಯೆ ಚಪ್ಪರದ ಹಗ್ಗವನ್ನು ಯಾರೋ ಚಾವಡಿಯ ಕಂಬಕ್ಕೆ ಬಿಗಿದಿರುತ್ತಾರೆ, ಲೈಟಿನ ವಯರಿಗೆ ಮಾಡಿನ ಪಕ್ಕಾಸಿಗೆ ಮೊಳೆ ಹೊಡೆದಿರುತ್ತಾರೆ. ಮಳೆ ಹನಿ ಬಿದ್ದರೆ ನೂರಾರು ಜನ ಒಟ್ಟಿಗೆ ಜಗಲಿ ಹತ್ತುತ್ತಾರೆ. ಆಟ ಬೇಕೇ ಬೇಕು ಅಂತಾದರೆ ಕೊಯ್ಲು ಮುಗಿದ ಗದ್ದೆಯಲ್ಲಿ ಇಡಿ. ನಮ್ಮ ಕಡೆ ಆಟ ಆಗುವುದೇ ಗದ್ದೆಯಲ್ಲಿ ಅಲ್ವಾ. ಮನೆಯ ಬಾಗಿಲು ಅವತ್ತು ಮುಚ್ಚಿರಲಿ. ರಾತ್ರಿ 10ರ ನಂತರ ಬಯಲಲ್ಲಿ ಮೈಕಿಗೆ ನಿಷೇಧ ಇದೆ, ಅದನ್ನೂ ನೆನಪಿಟ್ಟುಕೊಳ್ಳಿ.

ಮನೆಯ ಒಳಗೆ ಹೊಂದುವುದು ತಾಳಮದ್ದಳೆ, ಅಂದರೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ, ಹೊರಗೆ ಧೋ ಅಂತ ಮಳೆ ಸುರಿಯುವಾಗ, ಇಂಥ ಮನೆಗಳ ಚಾವಡಿಯಲ್ಲೇ ತಾಳಮದ್ದಳೆ ನಡೆಯುತ್ತಿತ್ತು. ವೇಷ ಇಲ್ಲ, ರಂಗಸ್ಥಳ ಇಲ್ಲ. ಭಾಗವತರು, ಚೆಂಡೆ, ಮದ್ದಳೆ, ಪಾತ್ರಗಳ ಮಾತು ಆಡುವ ನಾಲ್ಕೈದು ಅರ್ಥಧಾರಿಗಳು, ಕೂರಲು ಚಾಪೆ. ಚಾವಡಿಯಲ್ಲಿ 40 ಜನ ಹಿಡಿಸಿದರೆ 40 ಜನಕ್ಕೇ ಹೇಳಿ. ಅರ್ಥಗಾರಿಕೆ ಆ ಗೋಡೆಗಳಿಗೆ ತಾಗಿ ಕಿವಿಗೆ ಬೀಳುವ ರೀತಿಯೇ ಬೇರೆ, ಮೈಕ್ ಬೇಕಾಗುವುದಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನೀವು. ಅರ್ಥಧಾರಿಗಳಿಗೆ ಬರಗಾಲ ಇಲ್ಲ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಇರುವುದರಿಂದ ಹತ್ತಿರದ ಶಾಲೆಗಳಲ್ಲಿ ಕಲಿಯುವ ಮಕ್ಕಳೂ ಸಿಗುತ್ತಾರೆ. ಒಂದು ಪ್ರಸಂಗದಲ್ಲಿ ಎರಡು ಪಾತ್ರ ಮಕ್ಕಳಿಗೆ ಕೊಟ್ಟು ನೋಡಿ, ಅಪ್ಪ ಅಮ್ಮ ಅಜ್ಜ ಅಜ್ಜಿ ತಾವಾಗಿಯೇ ಬರುತ್ತಾರೆ.

ಆದರೆ ತಾಳಮದ್ದಳೆ ಒಂದರಿಂದ ನಿಮ್ಮ ತೊಂದರೆ ತೀರುವುದಿಲ್ಲ. ಮಂಜೇಶ್ವರದ ಗೋವಿಂದ ಪೈ ಸ್ಮಾರಕಕ್ಕೆ ಮಾರ್ಚ್ 23 ಇದೆ, ಕವಿ ಹುಟ್ಟಿದ ದಿನ. ಕುಪ್ಪಳಿಯ ಕವಿಮನೆಗೆ ಡಿಸೆಂಬರ್ 29 ಇದೆ, ಕುವೆಂಪು ಹುಟ್ಟಿದ ದಿನ. ಆ ಮನೆಗಳಿಗೆ ಒಂದು ಹೆಸರು ಸಾಕು, ದೂರದಿಂದ ಬಸ್ಸು ಮಾಡಿಕೊಂಡು ಬರುತ್ತಾರೆ. ನಿಮ್ಮದು ಬೇಸಾಯದ ಮನೆ. ಅಲ್ಲಿ ಹುಟ್ಟಿದವರ ಹೆಸರು ಹೊರಗಿನವರಿಗೆ ಗೊತ್ತಿಲ್ಲ. ಅದಕ್ಕೆ ನಾನು ಹೇಳುವುದು ಇಷ್ಟು: ಊರವರನ್ನು ನೋಡಲು ಕರೆಯುವುದನ್ನು ಸ್ವಲ್ಪ ದಿನ ಬಿಡಿ. ಅವರಿಗೆ ಆ ಮನೆಯಲ್ಲಿ ಏನಾದರೂ ಕೆಲಸ ಇರುವ ಹಾಗೆ ಮಾಡಿ. ಅವರ ಸ್ವಂತದ ಕೆಲಸ ಆದರೆ ಇನ್ನೂ ಒಳ್ಳೆಯದು.

ಅಂಥ ಒಂದು ಕೆಲಸ ನಿಮ್ಮ ತಾಲೂಕಿನಲ್ಲಿ ಮನೆ ಮನೆಯಲ್ಲೂ ಇದೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಜಾಗದ ಕಾಗದ, ಗೇಣಿ ಚೀಟು, ಪಾಲುಪಟ್ಟಿ ಎಲ್ಲ ಕನ್ನಡದಲ್ಲಿ ಬರೆಯುತ್ತಿದ್ದರು. ಮಲಯಾಳ ಮಾತಾಡುವ ಮನೆಯ ಪೆಟ್ಟಿಗೆಯಲ್ಲೂ ಕನ್ನಡ ದಸ್ತಾವೇಜು ಇರುತ್ತದೆ. ಮನೆಯ ಈಗಿನ ಮಕ್ಕಳಿಗೆ ಅದನ್ನು ಓದಲು ಬರುವುದಿಲ್ಲ. ಕನ್ನಡ ಶಾಲೆಯಲ್ಲಿ ಕಲಿತವರಿಗೂ ಆ ಮೋಡಿ ಬರಹ, ಅಂದರೆ ಅಕ್ಷರ ಕೂಡಿಸಿ ವೇಗವಾಗಿ ಬರೆದ ಕೈಬರಹ, ಸುಲಭಕ್ಕೆ ಬಿಡುವುದಿಲ್ಲ. ಓದಬಲ್ಲವರು ಯಾರು? ನಿವೃತ್ತ ಶಾನುಭೋಗರ ಮನೆಯವರು, ದಸ್ತಾವೇಜು ಬರಹಗಾರರು, ಹಳೆ ಮೇಷ್ಟ್ರುಗಳು. ಅವರೆಲ್ಲ ಈಗ ಎಂಬತ್ತರ ಹತ್ತಿರ ಇದ್ದಾರೆ. ಅವರನ್ನು ನಿಮ್ಮ ಚಾವಡಿಯಲ್ಲಿ ಕೂರಿಸಿ. ‘ಹಳೆ ಕಾಗದ ಓದುವ ದಿನ’ ಅಂತ ಕನ್ನಡದಲ್ಲೂ ಮಲಯಾಳದಲ್ಲೂ ಒಂದು ಚೀಟಿ ಅಚ್ಚು ಹಾಕಿಸಿ ಅಂಗಡಿ, ಗ್ರಂಥಾಲಯ, ಹಾಲಿನ ಡಿಪೋ, ಮಸೀದಿ, ದೇವಸ್ಥಾನದಲ್ಲಿ ಅಂಟಿಸಿ. ನಿಮ್ಮ ಭಾಷೆಯ ಪ್ರಶ್ನೆಗೆ ನನ್ನ ಉತ್ತರ ಇದೇ. ಕನ್ನಡವನ್ನು ಬಿಡಬೇಕಾಗಿಲ್ಲ. ಪಕ್ಕದ ಮನೆಯವರಿಗೆ ಕನ್ನಡ ಬೇಕಾಗುವ ಕಡೆ ನೀವು ನಿಂತರೆ ಆಯಿತು. ಕನ್ನಡದಲ್ಲಿ ಗಟ್ಟಿಯಾಗಿ ಓದಲಿ, ಪಕ್ಕದಲ್ಲೇ ಒಬ್ಬರು ಮಲಯಾಳದಲ್ಲಿ ಸಾರಾಂಶ ಬರೆದುಕೊಡಲಿ. ಸಪ್ತಭಾಷೆಯ ನಾಡು ಅಂತ ವೇದಿಕೆಯಲ್ಲಿ ಹೇಳುತ್ತೇವಲ್ಲ, ಇದು ಅದರ ಕೆಲಸ.

ಇದಕ್ಕೆ ನವೆಂಬರ್ ಕೊನೆ ಸರಿಯಾದ ಕಾಲ. ನಮ್ಮ ದೇಶದಲ್ಲಿ ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ ಆಚರಿಸುತ್ತಾರೆ, ಶಾಲೆಗಳಿಗೆ ಹೇಳಲು ಅದೊಂದು ನೆಪ ಆಗುತ್ತದೆ. ನಿಜವಾದ ಕಾರಣ ಬೇರೆ. ಆಗ ಮಳೆ ಹಿಂದೆ ಸರಿದಿರುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಜಾಗದಲ್ಲಿ ಜುಲೈಯಲ್ಲಿ ಹಳೆ ಕಾಗದ ಬಿಚ್ಚಬಾರದು. ಅದು ತೇವ ಕುಡಿದು ಮೆತ್ತಗಾಗಿರುತ್ತದೆ, ಬೂಷ್ಟು ಹಿಡಿಯಲು ಒಂದು ವಾರ ಸಾಕು.

ಆ ದಿನದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ತಪ್ಪಿದರೆ ಜನರ ನಂಬಿಕೆ ಹೋಗುತ್ತದೆ. ಉದ್ದದ ಮೇಜು, ಮೇಲೆ ಒಗೆದ ಬಿಳಿ ಬಟ್ಟೆ. ಮೇಜಿನ ಮೇಲೆ ಪೆನ್ಸಿಲ್ ಮಾತ್ರ, ಪೆನ್ನು ಬೇಡ. ಚಹಾ, ನೀರು ಇನ್ನೊಂದು ಜಗಲಿಯಲ್ಲಿ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಮುಟ್ಟಿದರೆ ಸಾಕು. ಕಾಗದಕ್ಕೆ ಕೈಗವಸು ಬೇಡ, ಅದರಲ್ಲಿ ಬೆರಳಿಗೆ ಅಂಚು ತಿಳಿಯದೆ ಹರಿಯುವುದೇ ಹೆಚ್ಚು. ಮಡಿಕೆ ಗಟ್ಟಿಯಾಗಿದ್ದರೆ ಎಳೆಯಬೇಡಿ, ಬಿಚ್ಚಿಕೊಂಡಷ್ಟನ್ನೇ ಓದಿ. ಫೋಟೋವನ್ನು ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ, ಫ್ಲ್ಯಾಶ್ ಬೇಡ. ಮೊದಲ ಪ್ರತಿ ಅವರ ಫೋನಿಗೇ ಹೋಗಬೇಕು. ಮ್ಯೂಸಿಯಂ ಒಂದು ಪ್ರತಿ ಇಟ್ಟುಕೊಳ್ಳಬಹುದಾ ಅಂತ ಆಮೇಲೆ ಕೇಳಿ, ಒಪ್ಪಿದರೆ ಬರೆಸಿಕೊಳ್ಳಿ. ಮೂಲ ಕಾಗದ ಒಂದು ಗಳಿಗೆಯೂ ಅವರ ಕಣ್ಣು ತಪ್ಪಬಾರದು. ಜಾಗದ ಕಾಗದವನ್ನು ಎಲ್ಲರ ಎದುರು ಓದಬೇಡಿ. ಚೆಕ್ಕುಬಂದಿಯಲ್ಲಿ, ಅಂದರೆ ಜಾಗದ ನಾಲ್ಕು ಗಡಿಯ ವಿವರದಲ್ಲಿ, ಪಕ್ಕದ ಮನೆಯವರ ತೋಡು, ಗದ್ದೆಯ ಕಟ್ಟಪುಣಿ ಬಂದೇ ಬರುತ್ತದೆ, ಆ ಪಕ್ಕದ ಮನೆಯವರು ಅಲ್ಲೇ ಸಾಲಿನಲ್ಲಿ ನಿಂತಿರುತ್ತಾರೆ. ಅದಕ್ಕೆ ಒಳಗಿನ ಒಂದು ಕೋಣೆ ಬಿಟ್ಟುಕೊಡಿ. ಹಕ್ಕಿನ ಪ್ರಶ್ನೆ ಎದ್ದರೆ ವಕೀಲರ ಹತ್ತಿರ ಹೋಗಲು ಹೇಳಿ. ಓದಿ ಕೊಡುವುದಷ್ಟೇ ನಿಮ್ಮ ಕೆಲಸ.

ಹೋಗುವಾಗ ಅವರಿಗೆ ಎರಡು ಮಾತು ಹೇಳಿ ಕಳಿಸಿ. ಹರಿದ ಕಡೆ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಕೆಲವು ವರ್ಷದಲ್ಲಿ ಹಳದಿಯಾಗಿ ಕಾಗದಕ್ಕೇ ಇಳಿಯುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಬಿಸಿ ಪ್ಲಾಸ್ಟಿಕ್ ಒಮ್ಮೆ ಕಾಗದಕ್ಕೆ ಕೂತರೆ ಮತ್ತೆ ತೆಗೆಯಲು ಬರುವುದಿಲ್ಲ. ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲಕ್ಕೆ ತಾಗದ ಕಪಾಟಿನಲ್ಲಿ ಇಟ್ಟರೆ ಸಾಕು. ಇಷ್ಟು ಉಪಕಾರ ಆದವರು ನಿಮ್ಮ ಮನೆಯನ್ನು ಮರೆಯುವುದಿಲ್ಲ. ಮುಂದಿನ ಸಲ ಅವರೇ ಇನ್ನೊಬ್ಬರನ್ನು ಕರೆತರುತ್ತಾರೆ.

ಕಾಗದ ಓದತೊಡಗಿದರೆ ನಿಮ್ಮ ಮನೆಯ ವಸ್ತುಗಳಿಗೂ ಜೀವ ಬರುತ್ತದೆ. ಹಳೆ ಗೇಣಿ ಚೀಟಿನಲ್ಲಿ ಮೂಲಗೇಣಿ, ಚಾಲಗೇಣಿ ಅಂತ ಇರುತ್ತದೆ. ಮೊದಲನೆಯದು ಕಾಯಂ ಗೇಣಿ, ಎರಡನೆಯದು ಧಣಿ ಬೇಕಾದಾಗ ಬಿಡಿಸಬಹುದಾದದ್ದು. ಗೇಣಿ ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಅಂತ ಬರೆದಿರುತ್ತದೆ. ಮುಡಿ ಅಂದರೆ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ. ಮುಡಿಗೆ 42 ಸೇರು, 14 ಸೇರಿಗೆ ಒಂದು ಕಳಸೆ. ನಿಮ್ಮ ಗಾಜಿನ ಕಪಾಟಿನಲ್ಲಿ ಕಳಸೆ, ಸೇರು, ಪಾವು ಸಾಲಾಗಿ ಇಟ್ಟು ಹೆಸರು ಅಂಟಿಸಿರಬಹುದು. ಅದನ್ನು ನೋಡಿ ಮಕ್ಕಳು ಮುಂದೆ ಹೋಗುತ್ತಾರೆ. ಅದೇ ಗಾತ್ರದ ಬೇರೆ ಸೇರು ಒಂದನ್ನು ಹೊರಗೆ ತಂದು, ಅಕ್ಕಿ ಕೊಟ್ಟು, ಒಂದು ಕಳಸೆ ತುಂಬಿಸಲು ಹೇಳಿ. ಎಣಿಸುತ್ತಾ ತುಂಬುತ್ತಾರೆ. ಆಮೇಲೆ ಚೀಟಿನಲ್ಲಿರುವ ಗೇಣಿಯ ಲೆಕ್ಕ ಹಾಕಿಸಿ. ಒಂದು ಒಕ್ಕಲಿನ ಮನೆ ವರ್ಷವಿಡೀ ದುಡಿದು ಎಷ್ಟು ಅಕ್ಕಿ ತಂದು ಈ ಚಾವಡಿಯ ಎದುರು ಅಳೆಯಬೇಕಿತ್ತು ಅಂತ ಅವರಿಗೇ ಗೊತ್ತಾಗುತ್ತದೆ.

ಮುಡಿ ಕಟ್ಟುವುದನ್ನು ಬಲ್ಲ ಅಜ್ಜ ಯಾರಾದರೂ ಇದ್ದರೆ ಈ ವರ್ಷವೇ ಕರೆಸಿ, ಮುಂದಿನ ವರ್ಷಕ್ಕೆ ಇಡಬೇಡಿ. ಬೈಹುಲ್ಲಿನ ಹಗ್ಗ ಹೊಸೆದು, ಹುಲ್ಲನ್ನು ಸುತ್ತಲೂ ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲನ್ನು ಮೇಲಕ್ಕೆ ಎತ್ತಿ ಬಿಗಿಯುತ್ತಾ ಬರುತ್ತಾರೆ. ಬಿಗಿದಷ್ಟೂ ಮರದ ತುಂಡಿನಿಂದ ತಟ್ಟಿ ಉರುಟು ಮಾಡುತ್ತಾರೆ. ಕೊನೆಗೆ ಒಂದು ಕಾಳು ಹೊರಗೆ ಬೀಳದ ಹಾಗೆ ಗುಂಡಗೆ ಕೂರುತ್ತದೆ. ಒಳಗಿನ ಅಕ್ಕಿ ಮಳೆಗಾಲ ಪೂರ್ತಿ ಹಾಳಾಗದೆ ಇರುತ್ತಿತ್ತು. ಇದನ್ನು ಪೂರ್ತಿ ವಿಡಿಯೋ ಮಾಡಿ. ಮುಖಕ್ಕಿಂತ ಕೈಯನ್ನು ಜಾಸ್ತಿ ತೋರಿಸಿ. ಪಕ್ಕದಲ್ಲಿ ಇಬ್ಬರು ಹುಡುಗರು ಕೂತು ಕೈಯಾರೆ ಒಂದು ಮುಡಿ ಕಟ್ಟಿ ಮುಗಿಸಲಿ. ಅಜ್ಜನಿಗೆ ಒಂದು ದಿನದ ಸಂಬಳ ಕೊಡಿ. ಶಾಲು ಹೊದಿಸಿ ಕಳಿಸುವುದು ಸಾಲದು.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಇಂಥ ಮನೆಯ ಕಥೆ ಧಣಿಗಳ ಕಥೆ ಮಾತ್ರ ಅಲ್ಲ. ಅಕ್ಕಿ ತಂದವರು, ನೇಜಿ ನೆಟ್ಟವರು, ದನ ಕಟ್ಟಿದವರು, ಬಾಣಂತನ ಮಾಡಿಸಿದವರು ಎಲ್ಲ ಈ ಮನೆಯನ್ನು ನಡೆಸಿದವರೇ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ಮುಗಿಯಿತು, ಒಕ್ಕಲುಗಳು ಜಾಗದ ಒಡೆಯರಾದರು. ಅವರ ಮಕ್ಕಳು ಮೊಮ್ಮಕ್ಕಳು ನಿಮ್ಮ ಮನೆಯ ಸುತ್ತಲೇ ಇದ್ದಾರೆ. ಅವರಲ್ಲಿ ಎಷ್ಟೋ ಜನರ ಹಿರಿಯರಿಗೆ ಅಂಗಳದಿಂದ ಮೇಲೆ ಬರಲು ಬಿಡುತ್ತಿರಲಿಲ್ಲ. ಆ ಮನೆ ಮ್ಯೂಸಿಯಂ ಆಯಿತು ಬನ್ನಿ ಅಂತ ಬೋರ್ಡು ಹಾಕಿದರೆ ಅವರು ಯಾಕೆ ಬರಬೇಕು? ನೀವೇ ಅವರ ಮನೆಗೆ ಹೋಗಿ ಕರೆಯಬೇಕು. ಟ್ರಸ್ಟಿನ ಹಿರಿಯರು ಒಬ್ಬರು ಜೊತೆಗಿರಲಿ. ಏನು ನೆನಪಿದೆಯೋ ಹೇಳಿ ಅಂತ ಕೇಳಿ. ಕಹಿ ಮಾತು ಬಂದರೆ ಅಡ್ಡ ಬಾಯಿ ಹಾಕಬೇಡಿ, ಅದೂ ದಾಖಲಾಗಲಿ. ಹೇಳಿದ್ದನ್ನು ಬರೆದು ಅವರಿಗೆ ಓದಿ ಹೇಳಿ, ಒಪ್ಪಿದ ಮೇಲೆ ಗೋಡೆಗೆ ಹಾಕಿ. ಮದುವೆಯಾಗಿ ಬೇರೆ ಊರಿಗೆ ಹೋದ ನಿಮ್ಮ ಮನೆಯ ಹೆಣ್ಣುಮಕ್ಕಳನ್ನೂ ಹೀಗೇ ಕೇಳಬೇಕು. ಅಡುಗೆಕೋಣೆ, ಉಪ್ಪಿನಕಾಯಿ ಭರಣಿ, ಹೆರಿಗೆ ಕೋಣೆ ಬಗ್ಗೆ ಗಂಡಸರು ಬರೆದಿಟ್ಟ ವಂಶಾವಳಿಯಲ್ಲಿ ಒಂದು ಸಾಲೂ ಇರುವುದಿಲ್ಲ.

ಈಗ ಸ್ವಯಂಸೇವಕರ ವಿಷಯ. ಗ್ರೂಪಿನಲ್ಲಿ 40 ಜನ ಇದ್ದು ಇಬ್ಬರು ಬರುವುದಕ್ಕೆ ಅವರ ಸೋಮಾರಿತನ ಕಾರಣ ಅಂತ ನನಗೆ ಅನಿಸುವುದಿಲ್ಲ. ‘ಭಾನುವಾರ ಎಲ್ಲರೂ ಬನ್ನಿ, ಕ್ಲೀನಿಂಗ್ ಇದೆ’ ಅಂತ ಮೆಸೇಜ್ ಬಂದರೆ ಯಾರಿಗೂ ಅದು ತನಗೇ ಹೇಳಿದ್ದು ಅನಿಸುವುದಿಲ್ಲ. ಬಂದವರಿಗೂ ಏನು ಮಾಡಬೇಕು ಗೊತ್ತಿರುವುದಿಲ್ಲ, ಒಂದು ಗಂಟೆ ಸುಮ್ನೆ ನಿಂತು ಸೆಲ್ಫಿ ತೆಗೆದು ಹೋಗುತ್ತಾರೆ. ಕೆಲಸವನ್ನು ಸಣ್ಣದು ಮಾಡಿ, ಹೆಸರು ಹಿಡಿದು ಕೇಳಿ. ‘ತಿಂಗಳ ಎರಡನೇ ಶನಿವಾರ 10ರಿಂದ 12ರವರೆಗೆ ನೀವು ಚಾವಡಿಯಲ್ಲಿ ಇರಬಹುದಾ? ಜೊತೆಗೆ ಇಂಥವರು ಇರುತ್ತಾರೆ’ ಅಂತ ಫೋನ್ ಮಾಡಿ. ಎರಡು ಗಂಟೆಗಿಂತ ಜಾಸ್ತಿ ಬೇಡ. ಯಾವಾಗಲೂ ಇಬ್ಬರ ಜೋಡಿ ಇರಲಿ. ಬಂದ ಕೂಡಲೇ ಬನ್ನಿ ಅಂತ ಹೇಳಲು ಒಬ್ಬರು, ಮಧ್ಯೆ ಒಂದು ಚಹಾ, ದೂರದಿಂದ ಬರುವವರಿಗೆ ಬಸ್ಸಿನ ಖರ್ಚು. ಹೆಂಗಸರಿಗೆ ಬಾಗಿಲು ಭದ್ರ ಇರುವ ಶೌಚಾಲಯ. ಇಷ್ಟು ಇಲ್ಲದಿದ್ದರೆ ಬೇರೆ ಯಾವ ಯೋಜನೆಯೂ ನಡೆಯುವುದಿಲ್ಲ.

ಹತ್ತಿರದ ಕಾಲೇಜು, ಹೈಯರ್ ಸೆಕೆಂಡರಿಯ ಎನ್‌ಎಸ್‌ಎಸ್ ಘಟಕಕ್ಕೂ ಹೋಗಿ ಮಾತಾಡಿ. ಕಾಲೇಜಿನ ಎನ್‌ಎಸ್‌ಎಸ್ ಮಕ್ಕಳು ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು, 7 ದಿನದ ಒಂದು ಶಿಬಿರವೂ ಇರುತ್ತದೆ. ಅವರಿಗೆ ಗಂಟೆ ಬೇಕು, ನಿಮಗೆ ಕೈ ಬೇಕು. ಆದರೆ ಐವತ್ತು ಮಕ್ಕಳನ್ನು ಒಟ್ಟಿಗೆ ಮನೆಯೊಳಗೆ ಬಿಡಬೇಡಿ. ಶಿಬಿರದ ದೊಡ್ಡ ಗುಂಪಿಗೆ ಹೊರಗಿನ ಕೆಲಸ ಕೊಡಿ. ಗೋಡೆಯ ಬುಡದಲ್ಲಿ ಬೆಳೆದ ಗಿಡ ಕೀಳುವುದು, ಮಳೆನೀರು ಹೋಗುವ ಕಣಿ ಬಿಡಿಸುವುದು, ಬಾವಿಕಟ್ಟೆಯ ಸುತ್ತ ಸ್ವಚ್ಛ ಮಾಡುವುದು. ಮುರಕಲ್ಲಿನ ಗೋಡೆಗೆ ದೊಡ್ಡ ಶತ್ರು ಬುಡದಲ್ಲಿ ನಿಲ್ಲುವ ನೀರು, ಹಾಗಾಗಿ ಕಣಿ ಬಿಡಿಸುವುದು ಮನೆಯನ್ನೇ ಕಾಯುವ ಕೆಲಸ. ಅದನ್ನು ಮಕ್ಕಳಿಗೆ ಹೇಳಿಯೇ ಕೆಲಸ ಕೊಡಿ. ಅವರಲ್ಲಿ ಆಸಕ್ತಿ ತೋರಿಸಿದ ಐದಾರು ಜನರನ್ನು ಆಮೇಲೆ ಒಳಗಿನ ಕೆಲಸಕ್ಕೆ ತೆಗೆದುಕೊಳ್ಳಿ. 18 ತುಂಬದವರಾದರೆ ಮನೆಯವರ ಒಪ್ಪಿಗೆ ಪತ್ರ ಬೇಕು, ಯಾವಾಗಲೂ ಇಬ್ಬರು ದೊಡ್ಡವರು ಜೊತೆಗಿರಬೇಕು.

ಒಳಗಿನ ಕೆಲಸಕ್ಕೆ ಬರುವವರಿಗೆ ಅರ್ಧ ದಿನ ಕಲಿಸಿ. ಮರಕ್ಕೆ ಒದ್ದೆ ಬಟ್ಟೆ ಬೇಡ, ಒಣಗಿದ ಮೆತ್ತನೆ ಬ್ರಷ್ ಸಾಕು. ಹಿತ್ತಾಳೆ ಕಂಚನ್ನು ಹುಣಸೆಹುಳಿ ಹಚ್ಚಿ ಫಳಫಳ ಹೊಳೆಯಿಸಬೇಡಿ. ಮನೆಯ ಅಭ್ಯಾಸ ಅದೇ, ನನಗೆ ಗೊತ್ತು, ಆದರೆ ತಿಕ್ಕಿದಷ್ಟೂ ಅದರ ಮೇಲಿನ ಕೆತ್ತನೆ, ಹೆಸರು ಸವೆಯುತ್ತದೆ. ತೊಟ್ಟಿಲನ್ನು ಕಟ್ಟಿನಿಂದ ಎತ್ತಬಾರದು, ಅಡಿಯಿಂದ ಇಬ್ಬರು ಎತ್ತಬೇಕು. ಗೆದ್ದಲಿನ ಮಣ್ಣಿನ ಗೆರೆ ಕಂಡರೆ ಒರೆಸಿ ಹಾಕಬೇಡಿ, ಫೋಟೋ ತೆಗೆದು ಜವಾಬ್ದಾರರಿಗೆ ತಿಳಿಸಿ. ಗೆರೆ ಎಲ್ಲಿಂದ ಹೊರಟಿದೆ ಅಂತ ನೋಡಿದರೆ ಮಾತ್ರ ಮದ್ದು ಹಾಕಲು ಬರುತ್ತದೆ. ಉಪ್ಪರಿಗೆಗೆ ಒಂದು ಸಲಕ್ಕೆ ಎಷ್ಟು ಜನ ಅಂತ ಇಂಜಿನಿಯರ್ ಹತ್ತಿರ ಕೇಳಿ ಏಣಿಯ ಬುಡದಲ್ಲಿ ಬರೆದು ಹಾಕಿ. ಅಲ್ಲಿಯವರೆಗೆ ಮೇಲೆ ಯಾವ ಕಾರ್ಯಕ್ರಮವೂ ಬೇಡ. ಎಣ್ಣೆ ದೀಪ ಅಂಗಳದಲ್ಲಿ ಇರಲಿ, ಮರದ ಮುಚ್ಚಿಗೆಯ ಕೆಳಗೆ ಬೇಡ.

ಮದುವೆಯ ಫೋಟೋಶೂಟಿನವರು ನಿಮ್ಮನ್ನು ಈಗಾಗಲೇ ಕೇಳಿರಬಹುದು, ಇಲ್ಲದಿದ್ದರೆ ಕೇಳುತ್ತಾರೆ. ಹಣ ಬರುತ್ತದೆ, ಪೂರ್ತಿ ಬೇಡ ಅನ್ನುವುದಿಲ್ಲ. ಅಂಗಳ, ಪಡಿಪ್ಪಿರೆ (ಹೊರಗಿನ ಹೆಬ್ಬಾಗಿಲು) ಕೊಡಿ. ಒಳಗಿನ ಕೋಣೆ, ಮಂಚ, ತೂಗುಯ್ಯಾಲೆ ಕೊಡಬೇಡಿ.

ವರ್ಷದ ಕಾರ್ಯಕ್ರಮ ಪಟ್ಟಿ ತುಂಬ ಉದ್ದ ಮಾಡಬೇಡಿ. ನಾಲ್ಕು ಸಾಕು. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ತಾಳಮದ್ದಳೆ, ಅವತ್ತೇ ಪತ್ರೊಡೆ, ತಿಮರೆ (ಒಂದೆಲಗ) ಚಟ್ನಿಯ ಊಟ. ಅಡುಗೆಯನ್ನು ಹತ್ತಿರದ ಕುಟುಂಬಶ್ರೀ ಸ್ವಸಹಾಯ ಗುಂಪಿನ ಹೆಂಗಸರಿಗೆ ವಹಿಸಿ ಹಣ ಕೊಡಿ. ನವೆಂಬರಿನಲ್ಲಿ ಹಳೆ ಕಾಗದ. ಕೊಯ್ಲಾದ ಮೇಲೆ ಮುಡಿ. ಮೇ 18 ಮ್ಯೂಸಿಯಂ ದಿನ, ಶಾಲೆಗೆ ರಜೆ ಇರುವ ಕಾಲ, ಮಕ್ಕಳೇ ಮನೆ ತೋರಿಸುವ ದಿನ ಮಾಡಿ. ಹತ್ತು ವರ್ಷದ ಹುಡುಗಿ ಕಡೆಗೋಲು ತೋರಿಸಿ ಹೇಳಿದರೆ ಅವಳ ಅಜ್ಜಿ ತಾನು ಮಜ್ಜಿಗೆ ಕಡೆದದ್ದನ್ನು ಹೇಳದೆ ಇರುವುದಿಲ್ಲ. ಅದನ್ನು ಬರೆದುಕೊಳ್ಳಲು ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ.

ಇದೆಲ್ಲ ಶುರು ಮಾಡುವ ಮೊದಲು ವಸ್ತುಗಳ ಪಟ್ಟಿ ಆಗಲೇಬೇಕು. 2015ರ ನವೆಂಬರಿನಲ್ಲಿ ಕುಪ್ಪಳಿಯ ಕವಿಮನೆಗೇ ಕಳ್ಳರು ನುಗ್ಗಿ ಕುವೆಂಪು ಅವರ ಪದ್ಮ ಪ್ರಶಸ್ತಿಯ ಪದಕಗಳನ್ನು ಕದ್ದರು. ಕಾವಲು, ಹೆಸರು ಎಲ್ಲ ಇದ್ದ ಕಡೆಯೇ ಹೀಗಾಯಿತು. ನಿಮ್ಮ ಒಂದೊಂದು ವಸ್ತುವಿಗೂ ಒಂದು ನಂಬರ್, ಎರಡು ಫೋಟೋ, ಅಳತೆ, ಯಾವ ಕೋಣೆ, ಯಾರು ಕೊಟ್ಟರು ಅನ್ನುವುದು ಇರಲಿ. ನಂಬರನ್ನು ವಸ್ತುವಿನ ಮೇಲೆ ಪೆಯಿಂಟಿನಲ್ಲಿ ಬರೆಯಬೇಡಿ, ಹತ್ತಿ ದಾರದಲ್ಲಿ ಚೀಟಿ ಕಟ್ಟಿ. ಪಟ್ಟಿಯ ಒಂದು ಪ್ರತಿ ಮನೆಯ ಹೊರಗೆ ಬೇರೆ ಕಡೆ ಇಡಿ. ಈ ಕೆಲಸಕ್ಕೆ ಆ ಇಬ್ಬರನ್ನೇ ಮೊದಲು ಕರೆಯಿರಿ, ಕರೆದಾಗಲೆಲ್ಲ ಬಂದರಲ್ಲ, ಅವರನ್ನು. ಟ್ರಸ್ಟಿನ ಸಭೆಯಲ್ಲೂ ಅವರಿಗೆ ಒಂದು ಕುರ್ಚಿ ಕೊಡಿ. ಪಟ್ಟಿ ಮಾಡುವಾಗ ಅಟ್ಟದಲ್ಲೋ ಪೆಟ್ಟಿಗೆಯಲ್ಲೋ ಓಲೆಗರಿಯ ಕಟ್ಟು ಸಿಕ್ಕರೆ ನನಗೆ ಬರೆಯಿರಿ. ಅದು ತುಳು ಲಿಪಿಯದ್ದಾಗಿರಬಹುದು, ಅದನ್ನು ಓದುವವರೇ ಬೇರೆ. ಅಲ್ಲಿಯವರೆಗೆ ಕಟ್ಟು ಬಿಚ್ಚಬೇಡಿ, ಎಣ್ಣೆ ಹಚ್ಚಬೇಡಿ, ಬಿಸಿಲಿಗೂ ಇಡಬೇಡಿ.